ಹೆಂಗಸರೆಲ್ಲ ಎಲ್ಲಿಗೆ ಹೋಗಿದ್ದರು

ಹೊಸದಾಗಿ ಸರಕಾರಿ ಅಭಿಯೋಜಕರಾಗಿ, ಅಂದರೆ ಪಿ.ಪಿ.ಗಳಾಗಿ ಸೇರಿದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ನಗುವುದು ಬೇಡ. ಮಕ್ಕಳ ಸಾಕ್ಷ್ಯಕ್ಕೆಂದು ನಿಮಗೆ ಬೇರೆ ಕೋಣೆ ಇದೆ. ಅದರ ಗೋಡೆಯ ಮೇಲೆ ಆನೆ, ನವಿಲಿನ ಚಿತ್ರಗಳಿವೆ. ಆರೋಪಿಯ ಮುಖ ಮಗುವಿಗೆ ಕಾಣದ ಹಾಗೆ ಕ್ಯಾಮೆರಾ, ಟಿ.ವಿ. ಪರದೆ ಎಲ್ಲ ಇದೆ. ನಮಗೆ ಇದ್ದದ್ದು ಒಂದು ಕಟಕಟೆ, ಮೇಲೆ ಗೊರಗೊರ ಎನ್ನುವ ಒಂದು ಫ್ಯಾನು. ಮಗು ಏನು ಹೇಳಿತು ಎಂದು ಆ ಫ್ಯಾನಿನ ಸದ್ದಿನಲ್ಲಿ ಅರ್ಧ ಕೇಳುತ್ತಲೇ ಇರಲಿಲ್ಲ.

ಅಂಕೋಲೆ ಮತ್ತು ಕಾರವಾರದ ನ್ಯಾಯಾಲಯಗಳಲ್ಲೇ ನನ್ನ ವೃತ್ತಿಯ ಬಹುಪಾಲು ಕಳೆಯಿತು. ಬಡ್ತಿ, ವರ್ಗಾವಣೆಯ ಪುರಾಣ ನಿಮಗೆ ಬೇಡ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ನ್ಯಾಯಾಲಯ ಸಾಕ್ಷ್ಯವನ್ನು ಹೇಗೆ ತೂಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೀರಿ. ತಕ್ಕಡಿ ನಿಜವಾಗಿ ಯಾವಾಗ ವಾಲಿತು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಮಕ್ಕಳ ಹೆಸರು, ಊರು ಯಾವುದನ್ನೂ ನಾನು ಬರೆಯುವುದಿಲ್ಲ. ಬರೆಯಬಾರದೆಂದು ಕಾನೂನೇ ಇದೆ. ನಿವೃತ್ತಿಯಾದ ಮೇಲೆ ಎಷ್ಟೋ ಮಂದಿ ಇದನ್ನು ಮರೆತು ಚಹಾದಂಗಡಿಯಲ್ಲಿ ಕೂತು ವಿವರ ಬಿಚ್ಚುತ್ತಾರೆ. ನೀವು ಹಾಗೆ ಮಾಡಬೇಡಿ.

ನನ್ನ ದೊಡ್ಡ ಹೊಟ್ಟೆಕಿಚ್ಚು ಮಾತ್ರ ನಿಮ್ಮ ಮೇಲಿನದಲ್ಲ. ಅದು ದಾಮೋದರನ ಮೇಲಿನದು.

ದಾಮೋದರ ಕೇಣಿಯವನು, ನಾನು ಭಾವಿಕೇರಿಯವನು. ಎರಡೂ ಅಂಕೋಲೆಯ ಪಕ್ಕದ ಊರುಗಳೇ. ಕಾನೂನು ಓದುವಾಗ ಒಂದೇ ಬೆಂಚಿನಲ್ಲಿ ಕೂತೆವು. ನಾನು ಸರಕಾರಿ ಕೆಲಸ ಹಿಡಿದೆ, ಅವನು ಆರೋಪಿಗಳ ಪರ ವಕಾಲತ್ತು ಹಿಡಿದ. ಹೆಚ್ಚು ಓದಿದವನು ನಾನು, ಹೆಸರಾದವನು ಅವನು. ಅವನ ದನಿ ಅಂಥದು. ಎಂದೂ ಏರುತ್ತಿರಲಿಲ್ಲ, ಪಕ್ಕದ ಮನೆಯವನು ಬೇಲಿಯ ಹತ್ತಿರ ನಿಂತು ಯೋಗಕ್ಷೇಮ ಕೇಳಿದ ಹಾಗೆ ಇರುತ್ತಿತ್ತು. ನಾನು ಮಾತಾಡಿದರೆ ಕಿಟಕಿಯ ಮೇಲಿನ ಪಾರಿವಾಳ ಹಾರುತ್ತಿತ್ತು. ನನ್ನ ಹೆಂಡತಿಯೇ ಒಮ್ಮೆ ಮದುವೆಮನೆಯಲ್ಲಿ ಅವನ ಮಾತು ಕೇಳಿ ಬಂದು, "ದಾಮೋದರಣ್ಣ ಎಷ್ಟ್ ಚೆಂದ ಮಾತಾಡ್ತ್ರು, ನೀವೂ ಹಂಗೇ ಓದ್ದವ್ರಲ್ದೋ?" ಎಂದಿದ್ದಳು. ಆ ರಾತ್ರಿ ನಾನು ಊಟ ಸರಿಯಾಗಿ ಮಾಡಲಿಲ್ಲ.

ಅವನ ಗುಣ ಒಂದನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದಿನ ಕಥೆಗೆ ಅದು ಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ದಾಮೋದರ ಯಾವತ್ತೂ ಕೇಳುತ್ತಿರಲಿಲ್ಲ. ಬೇಕಾದ ಉತ್ತರ ಸಿಕ್ಕಿದ ಕೂಡಲೇ ಕೂತುಬಿಡುತ್ತಿದ್ದ. ಪಾಟೀಸವಾಲಿನಲ್ಲಿ ನಾವೆಲ್ಲ ಸೋಲುತ್ತಿದ್ದದ್ದು ಇನ್ನೊಂದು ಪ್ರಶ್ನೆ ಕೇಳುವ ಆಸೆಯಿಂದ. ಅವನಿಗೆ ಆ ಆಸೆಯೇ ಇರಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಹದಿನೆಂಟು ತುಂಬಲು ಸ್ವಲ್ಪವೇ ಬಾಕಿ ಇದ್ದ ಹುಡುಗಿಯೊಬ್ಬಳ ಕೇಸು. ಪೋಕ್ಸೋ ಕಾಯ್ದೆ ನಿಲ್ಲಬೇಕಾದರೆ ಮೊದಲು ವಯಸ್ಸು ನಿಲ್ಲಬೇಕು. ನಮ್ಮ ಕೈಯಲ್ಲಿದ್ದದ್ದು ಶಾಲೆಯ ದಾಖಲೆ, ಹುಟ್ಟಿದ ದಿನ ಜೂನ್ ಒಂದು. ನಾನು ಹೆಡ್‌ಮಾಸ್ತರರಿಂದ ಅದನ್ನು ಓದಿಸಿ, ಗೆದ್ದೆ ಎಂದುಕೊಂಡು ಕೂತೆ. ದಾಮೋದರ ಎದ್ದು ಮೆಲ್ಲಗೆ ಕೇಳಿದ, "ಮಾಸ್ತರ್ರೇ, ಈ ತಾರೀಕು ನಿಮ್ಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಶಾಲೆಗೆ ಸೇರ್ಸುವಾಗ ತಾರೀಕು ಗೊತ್ತಿಲ್ಲ ಅಂದ್ರೆ ನಾವು ಜೂನ್ ಒಂದು ಅಂತ ಬರೆಯೂದು."

"ನಿಮ್ದು ಯಾವ ತಾರೀಕು?"

"ನಂದೂ ಜೂನ್ ಒಂದೇ."

"ನಂದೂ," ಎಂದು ಹೇಳಿ ದಾಮೋದರ ಕೂತ. ಕೋರ್ಟೇ ನಕ್ಕಿತು. ನಗದೇ ಇದ್ದವನು ನಾನೊಬ್ಬ, ಏಕೆಂದರೆ ನನ್ನದೂ ಜೂನ್ ಒಂದೇ, ಆದರೂ ಅದು ನನಗೆ ಹೊಳೆದಿರಲಿಲ್ಲ. ಕೇಸು ಪೋಕ್ಸೋ ಕಾಯ್ದೆಯಿಂದ ಜಾರಿಹೋಯಿತು. ಶಾಲೆಯ ದಾಖಲೆಗೆ ಕಾನೂನು ಮೊದಲ ಮಣೆ ಹಾಕುತ್ತದೆ ನಿಜ. ಆದರೆ ಆ ತಾರೀಕಿನ ಹಿಂದೆ ಆಧಾರ ಏನು ಎಂದು ನ್ಯಾಯಾಲಯ ಕೇಳಿಯೇ ಕೇಳುತ್ತದೆ. ಪೊಲೀಸರು ಶಾಲೆಯ ಕಾಗದ ತಂದರೆ, ಪಂಚಾಯ್ತಿಯ ಜನನ ದಾಖಲೆ ಎಲ್ಲಿ ಎಂದು ಕೇಳಿ ವಾಪಸು ಕಳಿಸಿ. ಅವರು ಗೊಣಗಿದರೆ ಗೊಣಗಲಿ.

ಪೊಲೀಸರ ಮಾತು ಬಂತಲ್ಲ. ಒಬ್ಬ ಇನ್‌ಸ್ಪೆಕ್ಟರ್ ಇದ್ದರು, ಮಕ್ಕಳ ಹೇಳಿಕೆಯನ್ನು ಬಹಳ ಅಚ್ಚುಕಟ್ಟಾಗಿ ಬರೆಸುತ್ತಿದ್ದರು. ಆರು ವರ್ಷದ ಹುಡುಗನೂ ಅವರ ಕಾಗದದಲ್ಲಿ "ಸದರಿ ಆರೋಪಿಯು ನನ್ನನ್ನು ಪುಸಲಾಯಿಸಿ ಕರೆದೊಯ್ದು" ಎಂದೇ ಮಾತಾಡುತ್ತಿದ್ದ. ಅಂಥ ಹೇಳಿಕೆಯನ್ನು ಓದಿದ ನ್ಯಾಯಾಧೀಶರೊಬ್ಬರು ತಲೆಯೆತ್ತಿ ನನ್ನನ್ನು ನೋಡಿ, "ಪಿ.ಪಿ. ಸಾಹೇಬ್ರೇ, ಈ ಹುಡುಗ ವಕೀಲಿ ಪರೀಕ್ಷೆ ಯಾವಾಗ ಪಾಸಾದ?" ಎಂದು ಕೇಳಿದರು. ಮಗುವಿನ ಬಾಯಲ್ಲಿ ದೊಡ್ಡವರ ಮಾತು ಕಂಡರೆ, ಇದು ಯಾರೋ ಕಲಿಸಿದ್ದು ಎಂಬ ಅನುಮಾನ ಮೊದಲು ಹುಟ್ಟುತ್ತದೆ. ಮಗು ಹೇಳಿದ್ದು ಹೇಗೋ ಹಾಗೇ ಬರೆಯಲಿ. ತೊದಲಿದ್ದರೆ ತೊದಲಲಿ, ಹಿಂದುಮುಂದಾದರೆ ಆಗಲಿ. ಸಣ್ಣಪುಟ್ಟ ವ್ಯತ್ಯಾಸಕ್ಕೆ ಯಾವ ನ್ಯಾಯಾಲಯವೂ ಕೇಸು ಬಿಸಾಡುವುದಿಲ್ಲ. ತಿರುಳಿನ ಮಾತು ನೆಟ್ಟಗಿದ್ದರೆ ಆಯಿತು.

ಪೋಕ್ಸೋ ಕಾಯ್ದೆ ಬಂದ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಅದರಲ್ಲಿ ನನಗೆ ನುಂಗಲಾಗದೇ ಹೋದದ್ದು ಒಂದೇ. ವಕೀಲರು ಮಗುವನ್ನು ನೇರ ಕೇಳುವ ಹಾಗಿಲ್ಲ. ನಮ್ಮ ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಒಪ್ಪಿಸಬೇಕು, ಅವರು ಮಗುವಿಗೆ ಕೇಳುತ್ತಾರೆ. ರಾತ್ರಿಯೆಲ್ಲ ಕೂತು ತಯಾರಿಸಿದ ಪ್ರಶ್ನೆ ಬೇರೆಯವರ ಬಾಯಿಂದ ಹೊರಡುತ್ತದೆ, ಮಗು ಉತ್ತರ ಹೇಳುವುದು ಅವರಿಗೆ, ನೋಡುವುದು ಅವರ ಮುಖ. ನ್ಯಾಯಾಧೀಶರನ್ನು ಕಂಡೂ ಹೊಟ್ಟೆಕಿಚ್ಚುಪಟ್ಟ ಅಭಿಯೋಜಕ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇದು ಮಕ್ಕಳಿಗೆ ಒಳ್ಳೆಯದೆಂದು ಗೊತ್ತಿತ್ತು. ಗೊತ್ತಿದ್ದರೂ ಉರಿಯುವುದು ಉರಿಯುತ್ತದೆ.

ಈಗ ಆ ಕೇಸಿಗೆ ಬರುತ್ತೇನೆ.

ಹುಡುಗಿಗೆ ಹತ್ತು ವರ್ಷ. ನಮ್ಮ ಕರಾವಳಿಯ ಒಂದು ಮೀನುಗಾರರ ಕೇರಿಯವಳು. ಅಪ್ಪ ದೋಣಿಗೆ ಹೋಗುವವನು. ಆ ದೋಣಿಯ ಯಜಮಾನನೇ ಆರೋಪಿ, ಸಂಬಂಧದಲ್ಲಿ ಹುಡುಗಿಗೆ ದೊಡ್ಡಪ್ಪ ಆಗಬೇಕು. ಮೇ ತಿಂಗಳ ಕೊನೆ, ಶಾಲೆಗೆ ರಜೆ. ಹಗಲು ಹೊತ್ತಿನಲ್ಲಿ, ಹುಡುಗಿಯ ಮನೆಯಲ್ಲೇ ಕೃತ್ಯ ನಡೆದಿತ್ತು. ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಶಾಲೆ ಶುರುವಾದ ಮೇಲೆ ತನ್ನ ಅಕ್ಕೋರಿಗೆ ಹೇಳಿದಳು. ಆ ಶಿಕ್ಷಕಿ ಮೇಲಿನವರನ್ನು ಕೇಳುತ್ತ ಕೂರದೆ ಪೊಲೀಸರ ಹತ್ತಿರ ಹೋದರು.

ನಮ್ಮ ಕೈಯಲ್ಲಿ ಏನಿತ್ತು? ದೂರು ತಡವಾಗಿತ್ತು. ಇಂಥ ಕೇಸಿನಲ್ಲಿ ತಡ ಎಂಬುದೇ ಕೇಸನ್ನು ಕೊಲ್ಲುವುದಿಲ್ಲ, ಮಗು ಯಾಕೆ ಸುಮ್ಮನಿತ್ತು ಎಂಬುದು ಅರ್ಥವಾದರೆ ಸಾಕು. ವೈದ್ಯರ ವರದಿಯಲ್ಲಿ ಏನೂ ಇರಲಿಲ್ಲ. ಅಷ್ಟು ದಿನದ ಮೇಲೆ ಇರುವುದೂ ಇಲ್ಲ ಎಂದು ವೈದ್ಯರೇ ಹೇಳಿದರು. ಅಮ್ಮ ನಮ್ಮ ಪರ ನಿಲ್ಲುವುದಿಲ್ಲ ಎಂದು ಮೊದಲೇ ಸುದ್ದಿ ಬಂದಿತ್ತು. ಗಂಡನ ಕೆಲಸ ಅದೇ ದೋಣಿಯ ಮೇಲಲ್ಲವೇ? ಉಳಿದದ್ದು ಹುಡುಗಿಯ ಮಾತು ಒಂದೇ. ಒಂದೇ ಮಗುವಿನ ಮಾತಿನ ಮೇಲೆ ಶಿಕ್ಷೆ ಕೊಡಬಹುದು, ನ್ಯಾಯಾಧೀಶರಿಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಬಂದರೆ. ಆರೋಪಿಯೇ ತಪ್ಪಿತಸ್ಥ ಎಂದು ಊಹಿಸಿಕೊಳ್ಳುವ ಕಲಮು ಕಾಯ್ದೆಯಲ್ಲಿದೆ ಎಂದು ನೀವು ಕುಣಿಯಬೇಡಿ. ಮೂಲ ಸಂಗತಿಯನ್ನು ನಾವು ಸಾಬೀತು ಮಾಡಿದ ಮೇಲಷ್ಟೇ ಅದು ಬಾಗಿಲು ತೆರೆಯುತ್ತದೆ.

ಮತ್ತು ಕೇಸಿನಲ್ಲಿ ಒಂದು ದೊಡ್ಡ ತೂತು ಇತ್ತು. ಪೊಲೀಸರ ನಕ್ಷೆಯಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಒಣಮೀನಿನ ಕಾಲದಲ್ಲಿ ಪ್ರತಿ ಅಂಗಳದಲ್ಲೂ ಹೆಂಗಸರು ಕೂತು ಮೀನು ಹಸನು ಮಾಡುತ್ತಿರುತ್ತಾರೆ. ಹುಡುಗಿ ಮ್ಯಾಜಿಸ್ಟ್ರೇಟರ ಮುಂದೆ "ಕೂಗಿದೆ, ಯಾರೂ ಇರಲಿಲ್ಲ" ಎಂದಿದ್ದಳು. ಹಾಡಹಗಲಲ್ಲಿ ಅಂಥ ಕೇರಿಯಲ್ಲಿ ಯಾರೂ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ? ಕಾರವಾರದ ಬಾರ್ ರೂಮಿನಲ್ಲಿ ಆರೋಪಿಯ ಪರ ವಕಾಲತ್ತು ದಾಮೋದರನದು ಎಂದು ತಿಳಿದಾಗ, ಅವನು ಈ ತೂತಿನಲ್ಲೇ ಕೈ ಹಾಕುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಅದಕ್ಕೇ ನಾನು ತಾರೀಕಿನ ಹಿಂದೆ ಬಿದ್ದೆ. ತಾರೀಕು ಗಟ್ಟಿಯಾದರೆ ಉಳಿದದ್ದು ಗಟ್ಟಿಯಾಗುತ್ತದೆ ಎಂಬುದು ನನ್ನ ಲೆಕ್ಕ. ವಿಚಾರಣೆಯ ಮುಂಚೆ ಹುಡುಗಿ ಅಕ್ಕೋರ ಜೊತೆ ನನ್ನ ಕಚೇರಿಗೆ ಬಂದಾಗಲೂ ಅದನ್ನೇ ಕೇಳಿದ್ದೆ.

ವಿಚಾರಣೆಯ ದಿನ ಬಾಗಿಲು ಹಾಕಿಸಿದರು. ಹುಡುಗಿಯ ಮುಂದೆ ಬಟ್ಟೆಯ ಪರದೆ. ಅವಳಿಗೆ ಕಾಣುತ್ತಿದ್ದದ್ದು ನ್ಯಾಯಾಧೀಶರು ಮತ್ತು ಪಕ್ಕದಲ್ಲಿ ಕೂತ ಅಕ್ಕೋರು ಮಾತ್ರ, ನಾವು ಬರೀ ದನಿಗಳು. ನ್ಯಾಯಾಧೀಶರು ಮಹಿಳೆ. ಮೊದಲು ಶಾಲೆಯ ವಿಷಯ, ಅವಳ ಬೆಕ್ಕಿನ ವಿಷಯ ಕೇಳಿದರು. ಹುಡುಗಿಗೆ ಪ್ರಶ್ನೆ ತಿಳಿಯುತ್ತದೆ, ತಿಳಿದು ಉತ್ತರ ಕೊಡುತ್ತಾಳೆ ಎಂದು ಖಚಿತವಾದ ಮೇಲೆಯೇ ಸಾಕ್ಷ್ಯ ಶುರುಮಾಡಿದರು. ನಡೆದದ್ದನ್ನು ಅವಳು ಹೇಳಿದಳು. ಸಣ್ಣ ದನಿಯಲ್ಲಿ, ಆದರೆ ಹೇಳಿದಳು. ಅಲ್ಲಿಗೆ ನಾನು ಬಿಡಬೇಕಿತ್ತು. ತಾರೀಕು ಕೇಳಿಸಿದೆ. "ಗೊತ್ತಿಲ್ಲ." ವಾರ ಕೇಳಿಸಿದೆ. "ಗೊತ್ತಿಲ್ಲ." ಮತ್ತೆ ತಾರೀಕು.

"ಸಾಕು ಪಿ.ಪಿ. ಸಾಹೇಬ್ರೇ," ಎಂದರು ನ್ಯಾಯಾಧೀಶರು. "ಮಗು ಕ್ಯಾಲೆಂಡರ್ ಅಲ್ಲ."

ದಾಮೋದರ ಎದ್ದ. ಅದೇ ಮೆತ್ತಗಿನ ದನಿಯಲ್ಲಿ ಒಂದೊಂದೇ ಪ್ರಶ್ನೆ ಒಪ್ಪಿಸಿದ, ನ್ಯಾಯಾಧೀಶರು ಕೇಳಿದರು.

"ನಿಮ್ಮ ಕೇರಿಯ ಅಂಗಳದಲ್ಲಿ ದಿನಾ ಹೆಂಗಸರು ಇರ್ತಾರಾ ಪುಟ್ಟೀ?"

"ಇರ್ತ್ರು."

"ಮನೆ ಒಳಗಿಂದ ಕೂಗಿದ್ರೆ ಅವರಿಗೆ ಕೇಳ್ತದಾ?"

"ಕೇಳ್ತದೆ."

ಮುಗಿಯಿತು ಎಂದುಕೊಂಡೆ. ಆರೋಪಿ ಪರ ವಕೀಲನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ದಿನಾ ಹೆಂಗಸರಿರುತ್ತಾರೆ, ಕೂಗಿದರೆ ಕೇಳುತ್ತದೆ, ಆದರೂ ಯಾರೂ ಕೇಳಲಿಲ್ಲ, ಹಾಗಾಗಿ ಹುಡುಗಿ ಕೂಗಲೇ ಇಲ್ಲ, ಹಾಗಾಗಿ ಏನೂ ನಡೆದಿಲ್ಲ. ವಾದ ತಾನಾಗಿ ನಡೆದುಕೊಂಡು ಹೋಗುತ್ತದೆ. ದಾಮೋದರ ಕೋಟು ಸರಿಮಾಡಿಕೊಂಡು ಕೂರಲು ಬಗ್ಗಿದ. ಆಮೇಲೆ ಅರ್ಧದಲ್ಲೇ ನೆಟ್ಟಗಾದ.

"ಇನ್ನೊಂದೇ ಪ್ರಶ್ನೆ ಇದೆ ಮೇಡಂ. ಹಾಗಿದ್ರೆ ಅವತ್ತು ಹೆಂಗಸರೆಲ್ಲ ಎಲ್ಲಿಗೆ ಹೋಗಿದ್ರು?"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನ್ಯಾಯಾಧೀಶರೂ ಒಂದು ಸಲ ಅವನ ಮುಖ ನೋಡಿ, ಆಮೇಲೆ ಹುಡುಗಿಗೆ ಕೇಳಿದರು.

ಪರದೆಯ ಆಚೆಯಿಂದ ದನಿ ಬಂತು, ಈ ಸಲ ಸಣ್ಣದಲ್ಲ. "ಮೋಡ ಬಂದಿತ್ತಲ್ರಾ! ಮೊದ್ಲ ಮಳೆ. ಮರಳ ಮೇಲೆ ಒಣಗೂಕೆ ಹಾಕ್ದ ಮೀನೆಲ್ಲ ನೆನಿತಿತ್ತು. ಎಲ್ರೂ ಅದ್ನ ತುಂಬೂಕೆ ಓಡಿದ್ರು. ಅಜ್ಜಿದಿಕ್ಕಳೂ ಓಡಿದ್ರು. ಅಮ್ಮ ನಂಗೆ ಮನೆ ಬದಿ ನೋಡ್ಕ ಅಂದ್ಲು. ನಮ್ದು ತುಂಬಿ ಆದ್ರೂ ಬರೂಕಾಗುದಿಲ್ಲ, ಬೇರೆವ್ರ ಮೀನೂ ತುಂಬ್ಬೇಕು. ಅದ್ಕೇ ಕೂಗ್ದ್ರೂ ಯಾರೂ ಬರ್ಲಿಲ್ಲ."

ಮಳೆಯ ಮೊದಲ ಹನಿಗೆ ಕೇರಿಗೆ ಕೇರಿಯೇ ಕಡಲ ದಂಡೆಗೆ ಓಡುತ್ತದೆ, ಯಾರ ಮೀನು ಎಂದು ನೋಡದೆ ಎಲ್ಲರ ಮೀನೂ ಬುಟ್ಟಿಗೆ ತುಂಬುತ್ತದೆ. ಮನೆಯಲ್ಲಿ ಉಳಿಯುವುದು ಮಕ್ಕಳು ಮಾತ್ರ. ಭಾವಿಕೇರಿಯ ನಮ್ಮ ಮನೆಗೆ ಒಣಮೀನು ಬುಟ್ಟಿಯಲ್ಲಿ ಬರುತ್ತಿತ್ತು. ಅದು ಎಲ್ಲಿ ಒಣಗುತ್ತದೆ ಎಂದು ನಾನು ನೋಡಲು ಹೋದವನಲ್ಲ. ಆ ಹೊತ್ತಿನಲ್ಲಿ ಕೇರಿ ಖಾಲಿಯಾಗುತ್ತದೆ ಎಂದು ಆರೋಪಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಮುಂದಿನ ಸಾಕ್ಷಿ ಅಮ್ಮ. ಎಣಿಸಿದ ಹಾಗೆ, "ನಂಗೇನೂ ಗೊತ್ತಿಲ್ಲ" ಎಂದಳು. ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ, ನಾನೇ ಅವಳ ಪಾಟೀಸವಾಲು ಮಾಡಲು ಅನುಮತಿ ಪಡೆದೆ. ತಯಾರಿಸಿಟ್ಟಿದ್ದ ಪ್ರಶ್ನೆಗಳ ಹಾಳೆಯನ್ನು ಮಡಚಿ ಬದಿಗಿಟ್ಟೆ.

"ಮೊದ್ಲ ಮಳೆ ದಿವ್ಸ ಮೀನು ತುಂಬೂಕೆ ಹೋಗಿದ್ರೇನಮ್ಮಾ?"

ಅವಳು ಸೆರಗು ಎಳೆದುಕೊಂಡಳು. "ಹೋಗಿದ್ದೆ."

"ಮನೇಲಿ ಯಾರಿದ್ರು?"

"ಮಗಳು. ಅವ್ಳೊಬ್ಳೇ." ಅಷ್ಟು ಹೇಳಿ ಅತ್ತಳು.

ನಾನು ಕೂತೆ. ಜೀವನದಲ್ಲಿ ಒಮ್ಮೆ ದಾಮೋದರನ ಹಾಗೆ, ಬೇಕಾದಷ್ಟು ಸಿಕ್ಕ ಕೂಡಲೇ ಕೂತೆ. ಸಾಕ್ಷಿ ಪ್ರತಿಕೂಲ ಆದಳೆಂದು ಅವಳ ಮಾತೆಲ್ಲ ತೊಳೆದುಹೋಗುವುದಿಲ್ಲ. ನಂಬುವಂಥ ಭಾಗವನ್ನು ನ್ಯಾಯಾಲಯ ತೆಗೆದುಕೊಳ್ಳಬಹುದು. ಇದನ್ನು ಬರೆದಿಟ್ಟುಕೊಳ್ಳಿ, ತುಂಬಾ ಸಲ ಉಪಯೋಗಕ್ಕೆ ಬರುತ್ತದೆ.

ಶಿಕ್ಷೆಯಾಯಿತು. ಮೇಲ್ಮನವಿಯಲ್ಲೂ ನಿಂತಿತು. ಕಲಿತು ಬಂದ ಮಗು ಕಲಿಸಿದವರಿಗೆ ಹೊಳೆದ ಪ್ರಶ್ನೆಗಳಿಗೆ ಮಾತ್ರ ಉತ್ತರ ಹೇಳುತ್ತದೆ, ಇದು ಯಾರಿಗೂ ಹೊಳೆಯದ ಉತ್ತರ ಎಂಬರ್ಥದ ಮಾತು ತೀರ್ಪಿನಲ್ಲಿತ್ತು. ತಾರೀಕು ಹೇಳಲಾಗದ ಮಗು ಆ ದಿನವನ್ನೇ ಕಣ್ಣಮುಂದೆ ತಂದಿತು ಎಂದೂ ಇತ್ತು. ಆರೋಪಿ ಪರ ವಕೀಲರ ಪಾಟೀಸವಾಲಿನಲ್ಲಿ ಬಂದ ಉತ್ತರ ಎಂದು ಮೂರು ಕಡೆ ನಮೂದಿಸಿದ್ದರು. ನನ್ನ ಹೆಸರು ಮೊದಲ ಪುಟದಲ್ಲಿ ಹಾಜರಿಗೆ ಮಾತ್ರ ಇತ್ತು.

ಶಿಕ್ಷೆಯಾದ ದಿನ ಸಂಜೆ ದಾಮೋದರ ಕೋರ್ಟಿನ ಗೇಟಿನ ಹತ್ತಿರ ಸಿಕ್ಕ. ಸೋತವನ ಮುಖ ಅಲ್ಲ ಅದು. "ಎಂತಾ ಮಾರಾಯ, ಗೆದ್ರೂ ಮುಖ ಗಂಟಿಕ್ಕಂಡಿದ್ಯಲ್ಲ. ಬಾ, ಚಾ ಕುಡಿವ."

ನಾನು ಚಹಾದ ಮಾತಿಗೆ ಹೋಗಲಿಲ್ಲ. "ನೀ ಕೇಣಿಯಲ್ಲಿ ಹುಟ್ಟಿ ಬೆಳ್ದವ. ನಿನ್ನ ಅಬ್ಬೆ ಒಣಮೀನು ಮಾರಿ ನಿನ್ನ ಓದ್ಸಿದ್ಲು. ಮೊದ್ಲ ಮಳೆಗೆ ಹೆಂಗಸ್ರು ಎಲ್ಲಿಗೆ ಓಡ್ತ್ರು ಹೇಳಿ ನಿಂಗೆ ಗೊತ್ತಿರ್ಲಿಲ್ವೋ?"

ಅವನು ಸ್ಕೂಟರಿನ ಸೀಟಿನ ಮೇಲಿನ ಧೂಳನ್ನು ಕೈಯಿಂದ ಒರೆಸಿದ. "ಪ್ರಶ್ನೆ ಕೇಳ್ದವ್ರು ಜಡ್ಜ್ ಮೇಡಂ ಮಾರಾಯ. ನಾನಲ್ಲ."

ಅಷ್ಟೇ. ಮತ್ತೆಂದೂ ಆ ಮಾತು ಎತ್ತಲು ಬಿಡಲಿಲ್ಲ.

ಗೊತ್ತಿದ್ದೂ ಕೇಳಿದ್ದರೆ ಅದು ನಂಬಿದ ಕಕ್ಷಿದಾರನಿಗೆ ಮಾಡಿದ ದ್ರೋಹ. ಎಂಥ ಆರೋಪಿಗೂ ಪೂರ್ತಿ ರಕ್ಷಣೆ ಸಿಗಬೇಕು, ಅದಿಲ್ಲದ ತೀರ್ಪಿಗೆ ಬೆಲೆಯಿಲ್ಲ. ನಿಮ್ಮಲ್ಲಿ ಯಾರಾದರೂ ಮುಂದೆ ಆ ಕಡೆ ನಿಂತರೆ ದಯವಿಟ್ಟು ಹಾಗೆ ಮಾಡಬೇಡಿ. ಗೊತ್ತಿಲ್ಲದೆ ಕೇಳಿದ್ದರೆ ಅದು ದಡ್ಡತನ, ಮತ್ತು ದಾಮೋದರ ದಡ್ಡನಲ್ಲ. ಮೋಡ ಬಂದದ್ದು ಆ ದಿನವೇ ಎಂದು ಅವನಿಗೆ ತಿಳಿದಿರಲಿಕ್ಕಿಲ್ಲ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ನಿದ್ದೆ ಬಾರದಾಗ ಮಾತ್ರ ಬೇರೆಯೇ ಉರಿ. ಇಡೀ ವೃತ್ತಿಯಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ಗೆಲುವು ಅದೊಂದು. ಅದರ ಮುಖ್ಯ ಪ್ರಶ್ನೆಯೂ ಅವನದೇ. ತಪ್ಪು ಮಾಡಿದ್ದರೂ ಎಂಥ ತಪ್ಪು ಮಾಡಿದ ಅವನು! ಅಂಥ ತಪ್ಪು ಮಾಡುವ ಅವಕಾಶ ಕೂಡ ನನಗೆ ಬರಲಿಲ್ಲ. ಅವನು ಇವತ್ತಿಗೂ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಾನೆ. ನಾನು ಬಿ.ಪಿ. ಗುಳಿಗೆ ನುಂಗಿ ವಾಕಿಂಗ್ ಹೋಗುತ್ತೇನೆ.

ಒಂದು ನಿಯಮ ಹೇಳಿ ಮುಗಿಸುತ್ತೇನೆ. ಇಂಥ ಕೇಸಿನ ಮಕ್ಕಳು ದೊಡ್ಡವರಾಗಿ ಎಲ್ಲಾದರೂ ಎದುರಾದರೆ ನೀವಾಗಿ ಗುರುತು ಹಿಡಿಯಬಾರದು. ಅವರಿಗೆ ಬೇಕಾದರೆ ಅವರೇ ಮಾತಾಡಿಸುತ್ತಾರೆ. ಈಚೆಗೆ ಒಂದು ಕಡೆ ಹೋಗಿದ್ದೆ. ಎಲ್ಲಿ ಎಂದು ಹೇಳುವುದಿಲ್ಲ. ಕೌಂಟರಿನ ಈಚೆ ನಾನು, ಆಚೆ ಆ ಮೊದಲ ಮಳೆಯ ಹುಡುಗಿ. ನನ್ನ ಕಾಗದಕ್ಕೆ ಠಸ್ಸೆ ಒತ್ತಿ ಕೊಟ್ಟು, ನಾನು ತಿರುಗುವಷ್ಟರಲ್ಲಿ ಕರೆದಳು.

"ಸರ್, ನೀವು ಕಾರವಾರ ಕೋರ್ಟಲ್ಲಿದ್ರಿ ಅಲ್ದಾ? ತಾರೀಕು ತಾರೀಕು ಅಂತ ಕೇಳ್ತಿದ್ರಿ."

ಹೌದೆಂದೆ. ಅವಳು ನಕ್ಕಳು. ಚೆನ್ನಾಗಿ, ಗಟ್ಟಿಯಾಗಿ ನಕ್ಕಳು. ಅದನ್ನು ನೋಡಿ ನನಗೆ ಆದ ಸಂತೋಷ ಎಷ್ಟು ಎಂದು ಹೇಳಲಾರೆ. ಆಮೇಲೆ ಅವಳು ಕೇಳಿದಳು, "ಮತ್ತೊಬ್ರು ವಕೀಲ್ರು ಇದ್ರಲ್ಲ, ಮೆತ್ತಗೆ ಮಾತಾಡೋರು. ಮುಖ ನೋಡ್ಲಿಲ್ಲ ನಾನು. ಇದ್ದಾರಾ ಅವ್ರು?"

"ಇದ್ದಾರೆ."

"ಅವ್ರೇ ಸರ್ ನನ್ನ ವಕೀಲ್ರು. ನೀವು ಪೊಲೀಸ್ರ ಕಡೆಯವ್ರು, ಅವ್ರು ನನ್ನ ಕಡೆಯವ್ರು ಅಂತ ನಂಗೆ ಅವತ್ತೇ ಗೊತ್ತಾಯ್ತು. ಕೂಗ್ದ್ರೂ ಯಾಕೆ ಯಾರೂ ಬರ್ಲಿಲ್ಲ ಅಂತ ಹೇಳೂಕೆ ನಾ ಕಾಯ್ತಾ ಇದ್ದೆ. ಅಷ್ಟ್ ಜನ ಇದ್ರೂ ಯಾರೂ ಕೇಳ್ಲಿಲ್ಲ. ಅವ್ರೊಬ್ರೇ ಕೇಳ್ಸಿದ್ದು. ಸಿಕ್ರೆ ನಾ ಕೇಳ್ದೆ ಅಂತ ಹೇಳಿ."

ನನ್ನ ಬಾಯಿ ತೆರೆಯಿತು. ಅವನು ನಿನ್ನ ವಕೀಲನಲ್ಲ ಮಗೂ, ನಾನು ನಿನ್ನ ವಕೀಲ, ಅವನು ಆ ಕಡೆಯವನು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿದೆ. ಅವಳ ಕಡೆಗೆ ಒಬ್ಬರಿದ್ದರು ಎಂಬ ಆ ನಂಬಿಕೆಯನ್ನು ಅಲ್ಲಾಡಿಸಲು ನನಗೆ ಯಾವ ಹಕ್ಕೂ ಇರಲಿಲ್ಲ.

"ಹೇಳ್ತೇನೆ," ಎಂದೆ.

ದಾಮೋದರ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾನೆ. ನನ್ನ ಹೆಂಡತಿ ಅವನಿಗೆ ಚಹಾಕ್ಕೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕುತ್ತಾಳೆ. ಎಷ್ಟೋ ಭಾನುವಾರ ಕಳೆದವು. ಆ ಹುಡುಗಿ ಕೇಳಿದಳೆಂದು ನಾನು ಅವನಿಗೆ ಇನ್ನೂ ಹೇಳಿಲ್ಲ.